ಗೆಣ್ಣು ಅಂದ್ರೆ ಏನು? ಬೆರಳಿನ ಎಲುಬಿನ ಹೆಸರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ಅಂಗಡಿಯ ಕಬ್ಬಿಣದ ಶಟರ್‌ಗೆ ನನ್ನ ಬಲಗೈಯ ಉಂಗುರದ ಬೆರಳು ಸಿಕ್ಕಿಕೊಂಡಿತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಾಗದದ ಮೇಲೆ 'ಮಿಡಲ್ ಫ್ಯಾಲೆಂಕ್ಸ್' ಅಂತ ಬರೆದಿತ್ತು. ಎಕ್ಸ್‌ರೇ ತೆಗೆದ ಹುಡುಗ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ "ಬೀಚ್ ಕಾ ಪೋರ್ ಟೂಟ್ಯಾ" ಅಂದ, ಅಂದರೆ ನಡುವಿನ ಪೋರ್ ಮುರಿದಿದೆ ಅಂತ. ಮನೆಗೆ ಬಂದರೆ ಅವ್ವ ಕೇಳಿದ್ದು, "ನಡು ಗೆಣ್ಣು ಮುರದದೇನು?"

ಒಂದೇ ಎಲುಬು, ಮೂರು ಹೆಸರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೈಗೆ ಪಟ್ಟಿ ಕಟ್ಟಿಕೊಂಡು ಕ್ಲಾಸಿಗೆ ಹೋದ ದಿನದಿಂದ ಮಕ್ಕಳು, ಅವರ ಮನೆಯವರು, ಜೊತೆಗಿನ ಶಿಕ್ಷಕರು ಈ ಹೆಸರುಗಳ ಬಗ್ಗೆ ಕೇಳುತ್ತಲೇ ಇದ್ದಾರೆ. ಜಾಸ್ತಿ ಸಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಗೆಣ್ಣು ಅಂದ್ರೆ ಎಲುಬಾ, ಕೀಲಾ?

ಮೂಲದಲ್ಲಿ ಕೀಲು. ಬೆರಳು ಎಲ್ಲಿ ಮಡಚುತ್ತದೋ ಆ ಜಾಗ ಗೆಣ್ಣು. ಬೆರಳು ಮಡಚಿದಾಗ ಮೇಲಕ್ಕೆ ಉಬ್ಬಿ ಕಾಣುತ್ತದೆ, ಚರ್ಮ ಅಲ್ಲಿ ಸುಕ್ಕಾಗಿರುತ್ತದೆ. ಕಬ್ಬು, ಬಿದಿರು, ಜೋಳದ ದಂಟಿನ ಮೇಲೆ ಉಂಗುರದ ಹಾಗೆ ಉಬ್ಬಿರುವ ಜಾಗಕ್ಕೂ ಇದೇ ಹೆಸರು.

ಆದರೆ ಮಾತಿನಲ್ಲಿ ಈ ಪದ ಸ್ವಲ್ಪ ಆಚೀಚೆ ಸರಿದಾಡುತ್ತದೆ. ಅವ್ವ "ನಡು ಗೆಣ್ಣು" ಅಂದಾಗ ಅವಳು ಹೇಳಿದ್ದು ಎರಡು ಕೀಲಿನ ನಡುವಿನ ತುಂಡು. ಇದು ತಪ್ಪೇನಲ್ಲ. "ಒಂದು ಗೆಣ್ಣು ಕಬ್ಬು ಕೊಡು" ಅಂದರೆ ಯಾರೂ ಬರೀ ಉಬ್ಬನ್ನು ಕೊಯ್ದು ಕೊಡುವುದಿಲ್ಲ, ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿನ ತನಕ ಇರುವ ತುಂಡು ಕೊಡುತ್ತಾರೆ. ಬೆರಳಿಗೂ ಅದೇ ರೂಢಿ. ಪಾಠ ಮಾಡುವಾಗ ಮಾತ್ರ ನಾನು ಬೇರೆ ಮಾಡಿ ಹೇಳುತ್ತೇನೆ: ಮಡಚುವ ಜಾಗ ಗೆಣ್ಣು, ನಡುವಿನದು ಬೆರಳೆಲುಬು. ಗಿಡಗಳ ಪಾಠದಲ್ಲಿ ಗೆಣ್ಣು, ಅಂತರಗೆಣ್ಣು ಅಂತ ಎರಡು ಪದ ಇವೆ. ಅದೇ ಲೆಕ್ಕ.

ಗೆಣ್ಣು, ಗಿಣ್ಣು, ಯಾವುದು ಸರಿ?

ಎರಡೂ ಸರಿ. ಆದರೆ ಗಿಣ್ಣು ಅಂದರೆ ಆಕಳು ಕರು ಹಾಕಿದ ಮೇಲೆ ಮೊದಲು ಕರೆಯುವ ಹಾಲೂ ಹೌದು, ಅದರಿಂದ ಮಾಡುವ ತಿನಿಸೂ ಹೌದು. ನಮ್ಮ ಕಡೆ ಗಿಣ್ಣ ಅನ್ನುತ್ತೇವೆ, ತೆಲುಗಿನವರು ಜುನ್ನು ಅನ್ನುತ್ತಾರೆ. ಹಾಲಿನ ಗಿಣ್ಣಕ್ಕೂ ಬೆರಳಿಗೂ ಸಂಬಂಧ ಇಲ್ಲ. ಗೊಂದಲ ಬೇಡ ಅಂತ ನಾನು ಬೆರಳಿಗೆ ಗೆಣ್ಣು ಅಂತಲೇ ಬರೆಯುತ್ತೇನೆ. ಕೆಲವು ಕಡೆ ಕಬ್ಬಿಗೆ ಗಣಿಕೆ ಅನ್ನುವುದೂ ಇದೆ.

ಇದು ಸಂಸ್ಕೃತದಿಂದ ಬಂದ ಪದವಾ?

ಅಲ್ಲ. ಇದು ದ್ರಾವಿಡ ಭಾಷೆಗಳ ಸ್ವಂತ ಪದ. ತಮಿಳಿನಲ್ಲಿ ಕಣು ಅಂದರೆ ಬಿದಿರು, ಕಬ್ಬಿನ ಗೆಣ್ಣು, ಹಾಗೆಯೇ ಮೈಯ ಕೀಲು. ತೆಲುಗಿನಲ್ಲಿ ಕಣುಪು, ಗಣುಪು. ಗುರುಮಠಕಲ್, ಸೇಡಂ, ಚಿಂಚೋಳಿ ಕಡೆಯವರಿಗೆ ತೆಲುಗು ಕಿವಿಗೆ ಹೊಸದಲ್ಲ. ಅವರಿಗೆ ಗಣುಪು, ಗಣಿಕೆ, ಗೆಣ್ಣು ಅಂತ ಒಂದರ ಪಕ್ಕ ಒಂದು ಇಟ್ಟು ಹೇಳಿದರೆ ಇವು ಒಂದೇ ಮನೆಯವು ಅಂತ ಮತ್ತೆ ವಿವರಿಸಬೇಕಿಲ್ಲ.

ಇಲ್ಲೇ ಬೆರಳು ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಬೆರಳಿಗೆ ಬೆಟ್ಟು ಅನ್ನುವವರೇ ಜಾಸ್ತಿ. ಪಟ್ಟಣದ ಶಾಲೆಗೆ ಬಂದ ಮಕ್ಕಳು "ಬೆಟ್ಟು ಅಂದ್ರ ತಪ್ಪೇನ್ರಿ?" ಅಂತ ಹಿಂಜರಿದು ಕೇಳುತ್ತಾರೆ. ತಪ್ಪಲ್ಲ. ಹೆಬ್ಬೆಟ್ಟು ಅನ್ನುವಾಗ ಕರ್ನಾಟಕದವರೆಲ್ಲ ಆ ಬೆಟ್ಟನ್ನೇ ಬಳಸುತ್ತಾರೆ. ಹೆಬ್ಬೆಟ್ಟು ಒತ್ತುವುದು ಅಂತಾರೆ ಅಲ್ವಾ, ಅದರೊಳಗೆ ನಿಮ್ಮ ಊರಿನ ಪದ ಕೂತಿದೆ.

ಗೆಣ್ಣು ಮತ್ತು ಗಂಟು ಒಂದೇನಾ?

ಹತ್ತಿರ, ಆದರೆ ಒಂದೇ ಅಲ್ಲ. ಗಂಟು ಕಟ್ಟುತ್ತೇವೆ, ಇಲ್ಲಾ ಗಂಟು ಕಟ್ಟಿಕೊಳ್ಳುತ್ತದೆ. ಗೆಣ್ಣು ಹುಟ್ಟಿನಿಂದಲೇ ಇರುತ್ತದೆ.

ಉರ್ದುವಿನಲ್ಲಿ ಪೋರ್, ಮರಾಠಿಯಲ್ಲಿ ಪೇರ ಅಂತಾರಲ್ಲ, ಅದು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಆದ ಖುಷಿ ಹೇಳಲಿಕ್ಕೆ ಆಗದು.

ಪೋರ್ ಅಂದರೆ ಬೆರಳಿನ ಎರಡು ಕೀಲಿನ ನಡುವಿನ ಭಾಗ. ಕಬ್ಬಿನ, ಬಿದಿರಿನ ಎರಡು ಗೆಣ್ಣಿನ ನಡುವಿನ ಭಾಗವೂ ಪೋರ್. ಭಾಲ್ಕಿ, ಬಸವಕಲ್ಯಾಣ, ಆಳಂದ ಕಡೆ ಮರಾಠಿ ಮಾತಾಡುವವರ ಬಾಯಲ್ಲಿ ಅದು ಪೇರ. ಬೋಟಾಚೆ ಪೇರ ಅಂದರೆ ಬೆರಳಿನದು, ಉಸಾಚೆ ಪೇರ ಅಂದರೆ ಕಬ್ಬಿನದು. ಕನ್ನಡ ಒಂದು ಕುಟುಂಬದ ಭಾಷೆ, ಮರಾಠಿ, ಉರ್ದು ಇನ್ನೊಂದು ಕುಟುಂಬದವು. ಪದ ಬೇರೆ, ಬೇರು ಬೇರೆ. ಆದರೂ ಬೆರಳು ನೋಡಿದವರಿಗೆಲ್ಲ ಕಬ್ಬು ಕಂಡಿದೆ. ಕಬ್ಬು ಬೆಳೆಯುವ ಈ ನೆಲದಲ್ಲಿ ನಾಲ್ಕು ಭಾಷೆಯವರು ಅಕ್ಕಪಕ್ಕ ಕೂತು, ನಾಲ್ಕೂ ಭಾಷೆಯಲ್ಲಿ ಇದೇ ಹೋಲಿಕೆ ಹೇಳುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

ಪೋರ್, ಪೇರ ಎರಡೂ ಸಂಸ್ಕೃತದ ಪರ್ವನ್, ಪರುಸ್ ಅನ್ನುವ ಪದಗಳ ಮನೆತನದವು. ಅವಕ್ಕೂ ಮೊದಲ ಅರ್ಥ ಜೊಂಡು, ಬೆತ್ತದ ಗೆಣ್ಣು, ಮೈಯ ಕೀಲು. ಆಮೇಲೆ ಒಂದು ಗೆಣ್ಣಿನಿಂದ ಇನ್ನೊಂದರ ತನಕ ಇರುವ ತುಂಡಿಗೂ ಪರ್ವ ಅಂದರು. ಮಹಾಭಾರತದ 18 ಪರ್ವಗಳು ಅಂದರೆ ಇದೇ ಅರ್ಥ: ಉದ್ದನೆಯ ಕಥೆಯ ಒಂದೊಂದು ತುಂಡು. ಪರ್ವತಕ್ಕೂ ಇದೇ ಮೂಲ, ಗೆಣ್ಣುಗೆಣ್ಣಾಗಿ ಉಬ್ಬುತಗ್ಗು ಇರುವುದು ಅಂತ.

ಇನ್ನೂ ಇದೆ. ಚಂದ್ರನ ತಿಂಗಳಿಗೆ ಎರಡು ಕೀಲು: ಅಮಾವಾಸ್ಯೆ ಮತ್ತು ಹುಣ್ಣಿಮೆ. ಒಂದು ಪಕ್ಷ ಮುಗಿದು ಇನ್ನೊಂದು ಶುರುವಾಗುವ ಜಾಗ. ಆ ದಿನಗಳಿಗೆ ಪರ್ವ ಅಂದರು. ಆ ದಿನ ಪೂಜೆ, ಊಟ ಇರುತ್ತಿತ್ತು. ಪರ್ವ ಪ್ರಾಕೃತದಲ್ಲಿ ಪಬ್ಬ ಆಯಿತು. ಹಳೆಗನ್ನಡದ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪಬ್ಬ ಹಬ್ಬ ಆಯಿತು. ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ 9ನೇ ಶತಮಾನದ ಕನ್ನಡದಲ್ಲಿ ಈ ಪದಗಳೆಲ್ಲ ಪ ಅಕ್ಷರದಿಂದಲೇ ಶುರುವಾಗುತ್ತಿದ್ದವು. ಹ ಬಂದದ್ದು ಆಮೇಲೆ.

ನಮ್ಮ ಕಡೆ ಎಳ್ಳಮಾಸಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ. ಅಮಾವಾಸ್ಯೆಯ ದಿನ ಹಬ್ಬ. ತಿಂಗಳಿನ ಗೆಣ್ಣಿನ ಮೇಲೆ ಕೂತು ಉಣ್ಣುತ್ತಿದ್ದೇವೆ ಅಂತ ಈಗ ಪ್ರತಿ ವರ್ಷ ನೆನಪಾಗುತ್ತದೆ.

ಫ್ಯಾಲೆಂಕ್ಸ್ ಅಂದ್ರೆ ಏನು? ಅದೂ ಕಬ್ಬಾ?

ಅಲ್ಲ. ಅದು ಗ್ರೀಕ್ ಪದ. ಫ್ಯಾಲೆಂಕ್ಸ್ ಅಂದರೆ ಮರದ ದಿಮ್ಮಿ. ಸೈನಿಕರು ಒಬ್ಬರಿಗೊಬ್ಬರು ಒತ್ತಿ ನಿಂತು, ಉದ್ದ ಈಟಿ ಮುಂದೆ ಚಾಚಿ ಕಟ್ಟುವ ಸಾಲಿಗೂ ಅದೇ ಹೆಸರು. ಅಲೆಕ್ಸಾಂಡರನ ಸೈನ್ಯ ಗೆದ್ದದ್ದು ಇಂಥ ಸಾಲು ಕಟ್ಟಿ. ಅವನಿಗೆ ಪಾಠ ಹೇಳಿದ ಅರಿಸ್ಟಾಟಲ್, ಕ್ರಿ.ಪೂ. 4ನೇ ಶತಮಾನದಲ್ಲಿ, ಬೆರಳಿನ ಭಾಗಗಳಿಗೆ ಎರಡು ಹೆಸರು ಬರೆದಿಟ್ಟ. ಮಡಚುವ ಜಾಗ ಕೊಂಡಿಲೊಸ್, ಮಡಚದ ಜಾಗ ಫ್ಯಾಲೆಂಕ್ಸ್. ಬೆರಳಿನ ಎಲುಬುಗಳು ಸಾಲಾಗಿ ನಿಂತ ಸೈನಿಕರ ಹಾಗೆ ಇವೆ, ಅದಕ್ಕೇ ಈ ಹೆಸರು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಒಂದೇ ಎಲುಬಾದರೆ ಫ್ಯಾಲೆಂಕ್ಸ್, ಜಾಸ್ತಿ ಇದ್ದರೆ ಫ್ಯಾಲಂಜಿಸ್. ಪರೀಕ್ಷೆಯಲ್ಲಿ ಮಕ್ಕಳು ಇವೆರಡೂ ಬೇರೆ ಬೇರೆ ಎಲುಬು ಅಂದುಕೊಂಡು ಅಂಕ ಕಳೆದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ಯಾರಾದರೂ ಮೊದಲೇ ಹೇಳಬೇಕು.

ಅರಿಸ್ಟಾಟಲ್ ಮಾಡಿದ ಈ ವಿಂಗಡಣೆ ನಮ್ಮ ಊರಿನಲ್ಲಿ ಆಗಲೇ ಇದೆ ನೋಡಿ. ಮಡಚುವುದು ಗೆಣ್ಣು, ಮಡಚದ್ದು ಪೋರ್. ಎರಡು ಭಾಷೆ ಸೇರಿ ಕೆಲಸ ಪೂರ್ತಿ ಮಾಡಿವೆ.

ಇಂಗ್ಲಿಷಿನ ನಕಲ್?

ಅದರ ಅರ್ಥ ಚಿಕ್ಕ ಎಲುಬು ಅಂತ. ಜರ್ಮನ್ ಭಾಷೆಯಲ್ಲಿ ಎಲುಬಿಗೆ ಈಗಲೂ ಕ್ನೊಖೆನ್ ಅನ್ನುತ್ತಾರೆ, ಅದರ ಸಂಬಂಧಿ ಇದು. ಈಗ ಮುಷ್ಟಿ ಕಟ್ಟಿದಾಗ ಕಾಣುವ ಗೆಣ್ಣಿಗೆ ಆ ಹೆಸರು ನಿಂತಿದೆ.

ಒಂದು ಕೈಯಲ್ಲಿ ಎಷ್ಟು ಬೆರಳೆಲುಬು?

14. ಹೆಬ್ಬೆಟ್ಟಿಗೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರು. ಅಂಗೈಯಲ್ಲಿ 5 ಉದ್ದನೆಯ ಎಲುಬು, ಮಣಿಕಟ್ಟಿನಲ್ಲಿ 8 ಚಿಕ್ಕವು. ಒಟ್ಟು 27. ಪಾದದ ಬೆರಳುಗಳಲ್ಲೂ ಸಾಮಾನ್ಯವಾಗಿ 14.

ಮುಷ್ಟಿಯ ಮೇಲಿನ ದೊಡ್ಡ ಗೆಣ್ಣು ಬೆರಳೆಲುಬಿನದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಅಂಗೈ ಎಲುಬಿನ ತಲೆ. ಮುಷ್ಟಿ ಕಟ್ಟಿ, ಇನ್ನೊಂದು ಕೈ ಬೆರಳಿನಿಂದ ಆ ಗೆಣ್ಣಿನಿಂದ ಹಿಂದಕ್ಕೆ ಮಣಿಕಟ್ಟಿನ ಕಡೆ ಒತ್ತುತ್ತ ಹೋಗಿ. ಎಲುಬು ಒಂದೇ ಸಮ ಕೈಗೆ ಸಿಗುತ್ತದೆ.

ತಿಂಗಳ ದಿನ ಎಣಿಸುವುದೂ ಇದೇ ಗೆಣ್ಣುಗಳ ಮೇಲೆ. ಉಬ್ಬಿದ್ದರೆ 31, ತಗ್ಗಿದ್ದರೆ 30, ಫೆಬ್ರವರಿ ಮಾತ್ರ ಬೇರೆ. ಜುಲೈಗೆ ಕೊನೆಯ ಗೆಣ್ಣು ಮುಗಿಯುತ್ತದೆ, ಆಗಸ್ಟ್‌ಗೆ ಮತ್ತೆ ಮೊದಲಿನ ಗೆಣ್ಣಿಗೆ ಬರಬೇಕು. ಅದಕ್ಕೇ ಎರಡೂ 31.

ಮಕ್ಕಳಿಗೆ ಇದನ್ನು ಹೇಗೆ ಕಲಿಸೋದು?

ಸಂಕ್ರಾಂತಿ ಹೊತ್ತಿಗೆ ಒಂದು ಕಬ್ಬು ತರಿಸಿ. ನಾನು ಮೂರು ಅಂತರಗೆಣ್ಣು ಇರುವ ಒಂದು ತುಂಡು ಕೊಯ್ದು ಮೇಜಿನ ಮೇಲೆ ಇಡುತ್ತೇನೆ. ಪಕ್ಕಕ್ಕೆ ಒಬ್ಬ ಹುಡುಗ ತೋರುಬೆರಳು ಇಡುತ್ತಾನೆ. ಮೂರಕ್ಕೆ ಮೂರು. ಆಮೇಲೆ ಕಬ್ಬು ಉದ್ದಕ್ಕೆ ಸೀಳಿ ಒಳಗೆ ತೋರಿಸುತ್ತೇನೆ. ಗೆಣ್ಣಿನ ಹತ್ತಿರ ನಾರು ಒತ್ತಾಗಿ, ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. ನಡುವೆ ರಸ. ತಿನ್ನುವಾಗ ಗೆಣ್ಣಿಗೆ ಹಲ್ಲು ಹತ್ತುವುದಿಲ್ಲ ಅಂತ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.

ವ್ಯತ್ಯಾಸವನ್ನೂ ಹೇಳಲೇಬೇಕು. ಕಬ್ಬು ಗೆಣ್ಣಿನಲ್ಲಿ ಬಾಗುವುದಿಲ್ಲ, ಬೆರಳು ಗೆಣ್ಣಿನಲ್ಲೇ ಬಾಗುತ್ತದೆ. ಆದರೆ ಬೆಳೆಯುವ ರೀತಿಯಲ್ಲಿ ಇಬ್ಬರೂ ಹತ್ತಿರ. ಕಬ್ಬಿನ ಗೆಣ್ಣಿನ ಮೇಲ್ಗಡೆ ಒಂದು ತೆಳು ಉಂಗುರ ಇರುತ್ತದೆ, ಕಬ್ಬು ಉದ್ದ ಆಗುವುದು ಅಲ್ಲಿಂದ. ಮಕ್ಕಳ ಬೆರಳೆಲುಬಿನಲ್ಲೂ ಪ್ರತಿಯೊಂದರ ಬುಡದ ಹತ್ತಿರ, ಅಂದರೆ ಗೆಣ್ಣಿನ ಮೇಲ್ಗಡೆಯೇ, ಮೆದು ಎಲುಬಿನ ಒಂದು ಪಟ್ಟಿ ಇರುತ್ತದೆ. ಬೆರಳು ಬೆಳೆಯುವುದು ಅಲ್ಲಿಂದ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಪಟ್ಟಿ ಗಟ್ಟಿ ಎಲುಬಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮಕ್ಕಳ ಎಲುಬಿನ ವಯಸ್ಸು ನೋಡಲು ಡಾಕ್ಟರು ಎಡಗೈ ಎಕ್ಸ್‌ರೇ ತೆಗೆಸುವುದು ಇಂಥ ಪಟ್ಟಿಗಳನ್ನು ನೋಡಲಿಕ್ಕೆ. ಆಟದಲ್ಲಿ ಮಕ್ಕಳ ಬೆರಳು ಗೆಣ್ಣಿನ ಹತ್ತಿರ ಊದಿಕೊಂಡರೆ, ಸುಮ್ನೆ ಎಳೆದು ತಿಕ್ಕಿಸಬೇಡಿ. ಆ ಪಟ್ಟಿಗೆ ಪೆಟ್ಟು ಬಿದ್ದಿರಬಹುದು. ಡಾಕ್ಟರಿಗೆ ತೋರಿಸಿ.

ಲಟಿಗೆ ಮುರಿದರೆ ಗೆಣ್ಣು ಸವೆಯುತ್ತದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಲಟಿಗೆ, ನೆಟಿಗೆ, ನಟಿಕೆ, ಊರಿಗೊಂದು ಹೆಸರು. ತೆಲುಗಿನಲ್ಲಿ ಮೆಟಿಕೆ, ತಮಿಳಿನಲ್ಲಿ ನೆಟ್ಟಿ. ಕೂಸಿನ ಮುಖದ ಮುಂದೆ ಕೈ ಇಳಿಸಿ, ತನ್ನ ಕಪಾಳಕ್ಕೆ ಬೆರಳು ಒತ್ತಿ ಅಜ್ಜಿ ಲಟಿಗೆ ಮುರಿದರೆ ದೃಷ್ಟಿ ಹೋಯಿತು ಅಂತ ಲೆಕ್ಕ. ಸದ್ದು ಜಾಸ್ತಿ ಬಂದರೆ ದೃಷ್ಟಿ ಜಾಸ್ತಿ ಆಗಿತ್ತು ಅಂತಾರೆ.

ಆ ಸದ್ದು ಎಲುಬಿಗೆ ಎಲುಬು ತಾಗಿ ಬರುವುದಲ್ಲ. ಕೀಲಿನೊಳಗೆ ಎಣ್ಣೆಯ ಹಾಗೆ ಜಾರುವ ನೀರು ಇರುತ್ತದೆ. ಬೆರಳು ಎಳೆದಾಗ ಒಳಗಿನ ಒತ್ತಡ ತಟ್ಟನೆ ಕಡಿಮೆಯಾಗುತ್ತದೆ, ನೀರಿನಲ್ಲಿ ಗಾಳಿಗುಳ್ಳೆಯಂಥ ಪೊಳ್ಳು ಹುಟ್ಟುತ್ತದೆ. ಗುಳ್ಳೆ ಒಡೆದು ಸದ್ದು ಬರುತ್ತದೆ ಅಂತ 1971ರಲ್ಲಿ ಕೆಲವರು ಹೇಳಿದ್ದರು. 2015ರಲ್ಲಿ ಕೆನಡಾದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದಾಗ, ಪೊಳ್ಳು ಹುಟ್ಟುವ ಹೊತ್ತಿಗೇ ಸದ್ದು ಬಂದಿತ್ತು. ಒಮ್ಮೆ ಮುರಿದ ಗೆಣ್ಣು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು, ನೀವೇ ನೋಡಬಹುದು.

ಸವೆತದ ಮಾತಿಗೆ ಬಂದರೆ, ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ 50 ವರ್ಷ ಬರೀ ಎಡಗೈ ಲಟಿಗೆ ಮುರಿದರು, ಬಲಗೈ ಮುಟ್ಟಲಿಲ್ಲ. ಕೊನೆಗೆ ಎರಡೂ ಕೈ ಹೋಲಿಸಿದರೆ ಯಾವುದರಲ್ಲೂ ಸಂಧಿವಾತ ಇರಲಿಲ್ಲ. 1998ರಲ್ಲಿ ಅದನ್ನು ಬರೆದು ಪ್ರಕಟಿಸಿದರು, 2009ರಲ್ಲಿ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ಒಬ್ಬರ ಕೈ ಮೇಲಿನ ಪ್ರಯೋಗದಿಂದ ಎಲ್ಲ ತೀರ್ಮಾನ ಆಗದು, ನಿಜ. ಆದರೆ ನೋವಿಲ್ಲದೆ ಬರುವ ಸದ್ದಿಗೆ ಹೆದರಬೇಕಿಲ್ಲ. ನೋವು, ಊತ ಇದ್ದರೆ ಮಾತು ಬೇರೆ.

ಗೆಣ್ಣುಗಳ ಮೇಲೆ ಎಣಿಸುವುದು ಹೇಗೆ?

ಹೆಬ್ಬೆಟ್ಟಿನ ತುದಿಯಿಂದ ಉಳಿದ ನಾಲ್ಕು ಬೆರಳಿನ ಒಂದೊಂದು ತುಂಡು ಮುಟ್ಟುತ್ತ ಹೋದರೆ ಒಂದು ಕೈಗೆ 12. ಹನ್ನೆರಡು ಮುಗಿದಾಗಲೆಲ್ಲ ಇನ್ನೊಂದು ಕೈಯ ಒಂದು ಬೆರಳು ಮಡಚಿದರೆ 60ರ ತನಕ ಬರುತ್ತದೆ.

ಜಪಕ್ಕೆ ಕರಮಾಲೆ ಅಂತ ಇದೆ. ಅಲ್ಲಿ ಹತ್ತು ಪರ್ವ. ಉಂಗುರದ ಬೆರಳಿನ ನಡುವಿನಿಂದ ಶುರು, ಅದರ ಬುಡ, ಕಿರುಬೆರಳಿನ ಬುಡದಿಂದ ತುದಿಗೆ, ಉಂಗುರದ ಬೆರಳ ತುದಿ, ನಡುಬೆರಳ ತುದಿ, ತೋರುಬೆರಳ ತುದಿಯಿಂದ ಬುಡಕ್ಕೆ. ನಡುಬೆರಳಿನ ಉಳಿದ ಎರಡು ಪರ್ವ ಮೇರು, ಅದನ್ನು ಮುಟ್ಟುವುದಿಲ್ಲ. ನಮಾಜ್ ಆದ ಮೇಲೆ ತಸ್ಬೀಹ್ ಮಣಿ ಇಲ್ಲದವರು 33ರ ಲೆಕ್ಕವನ್ನು ಬೆರಳಿನ ಪೋರ್ ಮೇಲೆ ಹಿಡಿಯುತ್ತಾರೆ. ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಇಬ್ಬರು ಹಿರಿಯರ ಹೆಬ್ಬೆಟ್ಟು ಹೀಗೆ ಸದ್ದಿಲ್ಲದೆ ಓಡಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರದು ಪರ್ವ, ಇನ್ನೊಬ್ಬರದು ಪೋರ್.

ವಯಸ್ಸಾದವರ ಗೆಣ್ಣು ಯಾಕೆ ದಪ್ಪ ಆಗುತ್ತವೆ?

ತುದಿಯ ಗೆಣ್ಣು ಗಟ್ಟಿಯಾಗಿ ಉಬ್ಬಿದ್ದರೆ ಹೆಚ್ಚಾಗಿ ಅದು ಕೀಲಿನ ಸವೆತ. 18ನೇ ಶತಮಾನದ ಇಂಗ್ಲಿಷ್ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು ಗುರುತಿಸಿದ್ದಕ್ಕೆ ಆ ಉಬ್ಬಿಗೆ ಅವರ ಹೆಸರೇ ಇದೆ. ಮುಷ್ಟಿಯ ಗೆಣ್ಣು, ನಡು ಗೆಣ್ಣುಗಳು ಎರಡೂ ಕೈಯಲ್ಲಿ ಮೆತ್ತಗೆ ಊದಿ, ಬೆಳಿಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಬೆರಳು ಮಡಚಲು ಆಗದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಬೇಗ ಔಷಧ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ. "ವಯಸ್ಸಾಯ್ತು ಬಿಡ್ರಿ" ಅಂತ ಬಿಡಬೇಡಿ.

ಗೆಣ್ಣಿನ ಅಳತೆ ಅಂದ್ರೆ?

ಅಡುಗೆ ಮನೆಯಲ್ಲಿ ನೋಡಿ. ಪಾತ್ರೆಯಲ್ಲಿ ತೊಳೆದ ಅಕ್ಕಿ, ಮೇಲೆ ನೀರು. ಬೆರಳ ತುದಿ ಅಕ್ಕಿಗೆ ತಾಗುವ ಹಾಗೆ ನೇರ ಇಳಿಸಬೇಕು. ನೀರು ಮೊದಲ ಗೆಣ್ಣಿನ ಗೆರೆಗೆ ಬಂದರೆ ಸಾಕು. ಪಾವು, ಲೋಟ ಯಾವುದೂ ಬೇಡ. ಬೀಜ ಊರುವವರೂ "ಎರಡು ಗೆಣ್ಣು ಆಳ" ಅಂತಾರೆ, ಅಂದರೆ ಸುಮಾರು 5 ಸೆಂಟಿಮೀಟರ್.

ನಿಮ್ಮ ಬೆರಳು ಈಗ ಹೇಗಿದೆ?

ಎಲುಬು ಕೂಡಿತು. ಪಟ್ಟಿ ಬಿಚ್ಚಿದ ಮೇಲೆ ಗೆಣ್ಣು ಬಿಗಿದುಕೊಂಡಿತ್ತು. ದಿನಾ ಬಿಸಿನೀರಿನಲ್ಲಿ ಕೈ ಇಟ್ಟು ಮಡಚಿ ಮಡಚಿ ರೂಢಿ ಮಾಡಿದೆ. ಈಗ ಮುಷ್ಟಿ ಕಟ್ಟಬಹುದು. ಆದರೆ ನಡು ಗೆಣ್ಣು ಮೊದಲಿಗಿಂತ ದಪ್ಪ ಆಗಿದೆ, ಉಂಗುರ ದಾಟುವುದಿಲ್ಲ. ಅವ್ವ ಅದನ್ನು ಹಿಡಿದು ನೋಡಿ, "ಇಲ್ಲಿ ಕಬ್ಬು ಬಲತದ ನೋಡು" ಅಂದಳು.